ಗ್ರೀಸ್ ಲೀಗು ಮತ್ತು ಅವಸರದ ಪೇಢಾ

ನೆನಪು ತೀರ ಅಚ್ಚುಕಟ್ಟಾಗಿ ಬಂದು ಎದುರು ಕೂತರೆ ನನಗೆ ಅದರ ಮೇಲೆ ಅನುಮಾನ ಬರುತ್ತದೆ, ಇಸ್ತ್ರಿ ಅಂಗಿ ತೊಟ್ಟು ಸಾಕ್ಷಿ ಹೇಳಲು ಬಂದವನ ಮೇಲೆ ಬರುವ ಹಾಗೆ. ಗ್ರೀಸ್ ದೇಶದ ದೊಡ್ಡ ಫುಟ್‌ಬಾಲ್ ಲೀಗಿನ ಕಳೆದೊಂದು ಋತುವಿನ ಬಗ್ಗೆ ನನ್ನ ನೆನಪು ಹೀಗೆಯೇ ಗರಿಗರಿಯಾಗಿ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಶಹಾಪುರದಲ್ಲಿ ಇದ್ದುಕೊಂಡು ಗ್ರೀಸಿನ ಲೀಗು ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಶರಣಪ್ಪನವರು ಯಾದಗಿರಿಯ ಕಚೇರಿಯಲ್ಲಿ ನನಗೆ ಹೆಡ್ ಕ್ಲರ್ಕ್, ಬೆಳಗಿನ ಬಸ್ಸಿನಲ್ಲಿ ಪಕ್ಕದ ಸೀಟು. ಲೀಗಿನ ಹುಚ್ಚು ಹತ್ತಿದ್ದು ಅವರಿಗೆ.

“ಇಂಗ್ಲೆಂಡಿನ ಲೀಗ್ ನೋಡಿದ್ರ ಚಾದಂಗಡ್ಯಾಗ ಎಲ್ಲಾರೂ ಶಾಣ್ಯಾರೇ. ಗ್ರೀಸಿಂದ್ ಇಲ್ಲಿ ಯಾರಿಗೂ ಗೊತ್ತಿಲ್ಲ ತಮ್ಮಾ. ಸೋತ್ರೂ ನಗೋರಿಲ್ಲ.”

ನಗುವವರ ಭಯಕ್ಕೆ ಕಾರಣವಿತ್ತು. ಅವರು ಬೆನ್ನಿಗೆ ನಿಂತ ಅಭ್ಯರ್ಥಿ, ಕ್ರಿಕೆಟ್ ತಂಡ, ನೌಕರರ ಸಂಘದ ಬಣ, ಯಾವುದೂ ಗೆದ್ದ ದಾಖಲೆಯಿಲ್ಲ. ಮೇ ಕೊನೆಗೆ ನಿವೃತ್ತಿ. “ರಿಟೈರ್ ಆಗೂದ್ರೊಳಗ ನಾ ಹಿಂದ ನಿಂತದ್ದು ಒಂದಾದ್ರೂ ಗೆಲ್ಲಬೇಕು ನೋಡು” ಎಂದು ಹಳದಿ ಅಂಗಿಯ ಒಂದು ತಂಡವನ್ನು ಹಿಡಿದರು. ಹೇಳಿದ್ದು ತಮಾಷೆಯಾಗಿಯೇ. ಆದರೆ ಸೋಮವಾರ ಬೆಳಿಗ್ಗೆ ಫಲಿತಾಂಶ ತೆರೆಯುವಾಗ ಅವರ ಹೆಬ್ಬೆರಳು ನಡುಗುತ್ತಿದ್ದುದನ್ನು ನೋಡಿದ್ದೇನೆ. ನೋಡಿದ್ದೇನೆಯೇ? ನಮ್ಮ ರಸ್ತೆಯಲ್ಲಿ ಬಸ್ಸು ಹೊರಟರೆ ಎಲ್ಲರ ಹೆಬ್ಬೆರಳೂ ನಡುಗುತ್ತದೆ.

ಮಾರ್ಚಿನಲ್ಲಿ ಸುತ್ತುಗಳೆಲ್ಲ ಮುಗಿದಾಗ ಹಳದಿ ತಂಡ ಅಂಕಪಟ್ಟಿಯ ಮೇಲ್ತುದಿಯಲ್ಲಿತ್ತು. ನಮ್ಮ ಕಚೇರಿಯಲ್ಲಿ ಸಂತೋಷದ ಸುದ್ದಿ ಬಂದವರು ಅದೇ ದಿನ ಎಲ್ಲರ ಬಾಯಿ ಸಿಹಿ ಮಾಡಬೇಕು. ಮರುದಿನಕ್ಕೆ ಹಾಕಿದರೆ ಜಿಪುಣನೆಂಬ ಹೆಸರು ಪಿಂಚಣಿಯವರೆಗೂ ಬರುತ್ತದೆ. ಶರಣಪ್ಪನವರು ಪೇಢಾ ಹಂಚಿದರು. ನಾನು ಎರಡು ತಿಂದೆ.

ಆದರೆ ಗ್ರೀಕರ ಲೀಗು ಅಲ್ಲಿಗೆ ಮುಗಿಯುವುದಿಲ್ಲ. ಪಟ್ಟಿಯನ್ನು ಅಡ್ಡ ಕತ್ತರಿಸಿ ಮೇಲಿನ ಕೆಲವು ತಂಡಗಳನ್ನು ಮತ್ತೆ ಆಡಿಸುತ್ತಾರೆ. ಅದೂ ಮುಗಿದ ಮೇಲೆ ಮುಂದಿದ್ದವರೇ ಚಾಂಪಿಯನ್. ಸಂಶಯಪಡುವುದನ್ನೇ ಒಂದು ದರ್ಶನವಾಗಿ ಬೆಳೆಸಿದ ಜನ, ಬರೀ ಮೊದಲ ಸ್ಥಾನವನ್ನು ನಂಬಿಯಾರೆ? ಮೇ ತಿಂಗಳಲ್ಲಿ ಹಳದಿ ತಂಡ ಎರಡನೆಯದಾಯಿತು.

“ಸರ, ಪೇಢಾ ವಾಪಸ್ ಕೊಡಬೇಕೇನ್ರಿ?” ಎಂದರು ಟೈಪಿಸ್ಟ್ ಮಹಾದೇವಿ, ಸುರಪುರದವರು, ಮಾತು ನುಂಗುವ ಅಭ್ಯಾಸವಿಲ್ಲ. “ನಂದಂತೂ ಅವತ್ತೇ ಕರಗ್ಯದ್ರಿ.”

ಕಚೇರಿಯೆಲ್ಲ ನಕ್ಕಿತು. ಶರಣಪ್ಪನವರೂ ನಕ್ಕರು, ಸ್ವಲ್ಪ ತಡವಾಗಿ.

ಈಗ ನನ್ನ ಇಸ್ತ್ರಿ ಮಾಡಿದ ನೆನಪಿಗೆ ಬರುತ್ತೇನೆ. ಅದರ ಪ್ರಕಾರ, ಕತ್ತರಿಸುವ ನಿಯಮ ನನಗೆ ತಿಳಿದದ್ದು ಪೇಢಾ ತಿಂದ ಮೇಲೆ. ಆದರೆ ನನ್ನ ಮೊಬೈಲಿನಲ್ಲಿ ಆ ನಿಯಮದ ಸ್ಕ್ರೀನ್‌ಶಾಟ್ ಇದೆ, ಪೇಢಾಕ್ಕಿಂತ ಎರಡು ದಿನ ಮೊದಲಿನದು. ತೆಗೆದದ್ದು ನೆನಪಿಲ್ಲ. ಬಾಯಿ ಬಿಡದಿದ್ದುದು ಅವರ ಸಂತೋಷ ಕೆಡದಿರಲಿ ಎಂದೋ, ಇಷ್ಟು ವರ್ಷ ನನ್ನ ಟಿಪ್ಪಣಿಗಳಲ್ಲಿ ತಪ್ಪು ಹುಡುಕಿದ ಮನುಷ್ಯ ಒಮ್ಮೆ ತಾನೂ ತಪ್ಪಲಿ ಎಂದೋ? ಮೊದಲನೆಯ ಕಾರಣ ನನಗೆ ಚೆನ್ನಾಗಿ ಒಪ್ಪುತ್ತದೆ. ಅನುಮಾನ ಅಲ್ಲೇ.

ಬೀಳ್ಕೊಡುಗೆಯ ದಿನ ಬೆಳಿಗ್ಗೆ, ಬಸ್ಸು ಭೀಮಾ ಸೇತುವೆ ಏರುವಾಗ, ಮೊಬೈಲನ್ನು ಅವರ ಕೈಗಿಟ್ಟೆ.

“ಇದು ನನಗ ಮೊದಲೇ ಗೊತ್ತಿತ್ರಿ ಸರ. ಹೇಳ್ಲಿಲ್ಲ.”

ಕನ್ನಡಕ ಏರಿಸಿ ತಾರೀಖು ಸಹಿತ ಓದಿದರು, ಯಾರದೋ ರಜೆಯ ಅರ್ಜಿ ಓದುವಂತೆ.

“ನನಗೂ ಗೊತ್ತಿತ್ತಲೇ ಹುಚ್ಚಾ. ಕಡೀತನ ಕಾದಿದ್ರ ಹಂಚಾಕ ಏನಿತ್ತು? ಅವತ್ತ ಫಸ್ಟ್ ಇದ್ರು, ಅವತ್ತ ತಿಂದ್ವಿ.”

ಎಷ್ಟು ಒಳ್ಳೆಯ ಮಾತು! ನಾನು ನಂಬಲಿಲ್ಲ. ಏಕೆಂದರೆ ಪೇಢಾ ಹಂಚಿದ ಕೆಲವೇ ದಿನಕ್ಕೆ ಇದೇ ಬಸ್ಸಿನಲ್ಲಿ, “ಇದೇನೋ, ಮತ್ತ ಆಡಾಕತ್ತಾರಲ್ಲ?” ಎಂದು ಗಾಬರಿಯಿಂದ ನನ್ನನ್ನೇ ಕೇಳಿದ್ದವರು ಇವರು, ಕಿಟಕಿಯಾಚೆ ನೋಡಿದ್ದವನು ನಾನು. ಅದನ್ನು ಎತ್ತಿ ಅವರ ಮುಂದಿಡಬಹುದಿತ್ತು. ಆದರೆ ಸರ್ವಿಸಿನುದ್ದಕ್ಕೂ ಒಂದೂ ಸುಳ್ಳು ದಾಖಲೆ ಮಾಡದ ಮನುಷ್ಯ ಕೊನೆಯ ದಿನ ನನ್ನ ಸಲುವಾಗಿ ಒಂದನ್ನು ಮಾಡಿದರೆ, ಕೈಕೆಳಗಿನ ಗುಮಾಸ್ತ ಪ್ರಶ್ನೆ ಕೇಳದೆ ರುಜು ಹಾಕಬೇಕು.

“ಖರೇ ಅದರಿ ಸರ” ಎಂದೆ.