ಕೆಮ್ಮಬಾರದ ಒಂದು ನಿಮಿಷ
ನಮ್ಮ ಪಕ್ಕದ ಮನೆಯ, ಸಾಕ್ಷ್ಯಚಿತ್ರ ತೆಗೆಯುವ ಯಜಮಾನರಿಗೆ ದೊಡ್ಡ ಮನುಷ್ಯರೆಂದರೆ ಆಗುವುದಿಲ್ಲ. ಎದುರಿಗೆ ಮಂತ್ರಿಯ ಮೆರವಣಿಗೆ ಹೋದರೂ ಇವರ ಕ್ಯಾಮೆರಾ ತಿರುಗುವುದು ಹಿಂದೆ ಕಸ ಗುಡಿಸುತ್ತ ಬರುವವಳ ಕಡೆಗೇ. ಕೊಡೆ ರಿಪೇರಿಯವನು, ಬೀಗದ ಕೈ ಮಾಡುವವನು, ಶವಾಗಾರದ ಕಾವಲುಗಾರ, ಯಾರನ್ನೂ ಬಿಟ್ಟಿಲ್ಲ. ಒಬ್ಬೊಬ್ಬರ ಮೇಲೂ ಒಂದೊಂದು ಪುಟ್ಟ ಚಿತ್ರ. ಸೂಜಿ ಮಾರುವವಳು ಹೊಸ ಬಟ್ಟೆ ಹಾಕಿಕೊಂಡು ಬಂದರೆ, "ಅಯ್ಯೋ ತಾಯಿ, ದಿನಾ ಇರೋ ಹಾಗೇ ಬಾರಮ್ಮಾ" ಎಂದು ವಾಪಸ್ ಕಳಿಸುತ್ತಾರೆ. ಮಾತೆಲ್ಲ ಮುಗಿದ ಮೇಲೆ ಶುರುವಾಗುತ್ತದೆ ಅವರ ನಿಜವಾದ ಕಾಟ. "ಈಗ ಒಂದು ನಿಮಿಷ ಯಾರೂ ಉಸಿರೆತ್ತಬೇಡಿ, ಬರೀ ಕೋಣೆ ಸದ್ದು ಹಿಡೀಬೇಕು." ಮಾತಿನ ನಡುವೆ ತೇಪೆ ಹಾಕಲು ಆ ಖಾಲಿ ಸದ್ದು ಬೇಕಂತೆ. ಯಾರಾದರೂ ಕೆಮ್ಮಿದರೋ, ಹಿಡಿದದ್ದನ್ನು ಅಳಿಸಿ ಮತ್ತೆ ಮೊದಲಿನಿಂದ. "ಇದಕ್ಕಿಂತ ಜೈಲೇ ವಾಸಿ ಸ್ವಾಮಿ" ಎಂದಿದ್ದ ಕೊಡೆ ರಿಪೇರಿಯವನು. ಊರಿನವರ ಮುಖವನ್ನೆಲ್ಲ ಹಿಡಿದ ಈ ಮಹಾನುಭಾವರು ಹೆಂಡತಿಯ ಕಡೆಗೆ ಮಾತ್ರ ಒಮ್ಮೆಯೂ ಕ್ಯಾಮೆರಾ ತಿರುಗಿಸಲಿಲ್ಲ. ಕೇಳಿದರೆ, "ಅವಳು ಮನೇಲೇ ಇರ್ತಾಳಲ್ಲ" ಎನ್ನುತ್ತಿದ್ದರು. ಆಕೆ ಹೋದ ವರ್ಷ ತೀರಿಕೊಂಡರು. ಮೊನ್ನೆ ಇವರು ನನ್ನನ್ನು ಕರೆದು ಕೂರಿಸಿ, ಯಾವುದೋ ಚಿತ್ರಕ್ಕೆಂದು ತಮ್ಮ ಅಡುಗೆಮನೆಯಲ್ಲೇ ಹಿಂದೆ ಹಿಡಿದಿದ್ದ ಒಂದು ನಿಮಿಷದ ಕೋಣೆ ಸದ್ದು ಕೇಳಿಸಿದರು. ಗಡಿಯಾರದ ಟಿಕ್ ಟಿಕ್, ಒಲೆಯ ಸಣ್ಣ ಬುಸುಬುಸು, ಆಮೇಲೆ ಆಕೆಯ ದನಿ: "ಮುಗೀತೇನ್ರೀ? ಹಾಲು ಉಕ್ತಾ ಇದೆ." ಅವರು ನೆಲ ನೋಡುತ್ತ, "ಇದೊಂದನ್ನ ಅಳಿಸೋಕೆ ಮರೆತಿದ್ದೆ" ಎಂದು ಮತ್ತೆ ಮೊದಲಿನಿಂದ ಹಾಕಿದರು. ನನಗೆ ಕೆಮ್ಮು ಬಂದಿತ್ತು, ತಡೆದುಕೊಂಡೆ.