ಹತ್ತರ ದಿಕ್ಕಿನಲ್ಲಿ ಕಂಡದ್ದು

ಬಂದರಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನು ಅವನು ಇಪ್ಪತ್ತೆರಡು ವರ್ಷ ಮಾಡಿದ. ತೆಳ್ಳಗೆ, ಉದ್ದಕ್ಕೆ, ನಿಂತಲ್ಲಿ ನಿಲ್ಲದ ಆಳು. ಊರಿನವರು ‘ಸೆಕೆಂಡ್ ಮುಳ್ಳು’ ಎಂದು ಹೆಸರಿಟ್ಟಿದ್ದರು. ಅವನೂ ಅದಕ್ಕೇ ಓಗೊಡುತ್ತಿದ್ದ. ದಿನಾ ಬೆಳಿಗ್ಗೆ ತೊಂಬತ್ತಾರು ಮೆಟ್ಟಿಲು ಹತ್ತಿ, ಹಾಲುಬಣ್ಣದ ಗಾಜಿನ ಹಿಂದೆ ನಿಂತು ಮುಳ್ಳು ಸರಿಪಡಿಸುತ್ತಿದ್ದ. ಹಾಗೆ ಒಳಗಿನಿಂದ ನೋಡುವವನಿಗೆ ಅಂಕಿಗಳೆಲ್ಲ ತಿರುಗುಮುರುಗು: ಹತ್ತು ಬಲಕ್ಕೆ, ಎರಡು ಎಡಕ್ಕೆ. ಅವನಿಗೆ ಅದೇ ಸಲೀಸು. ಬೀದಿಯಲ್ಲಿ ನಿಂತು ಅದೇ ಗಡಿಯಾರ ನೋಡಬೇಕಾದರೆ ಅರೆಗಳಿಗೆ ತಡವರಿಸುತ್ತಿದ್ದ.

ಯುದ್ಧ ಬಂದ ಎರಡನೆಯ ವರ್ಷ ನೌಕಾಪಡೆಯವರು ಕಣ್ಣು ಚುರುಕಾಗಿರುವ ಊರಿನವರನ್ನು ಕಡಲ ಕಾವಲಿಗೆ ಕರೆದರು. ಕಾವಲಿನ ಜಾಗ ಐಸ್ ಫ್ಯಾಕ್ಟರಿಯ ತಾರಸಿ. ಅಲ್ಲಿನ ಕಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಅರ್ಧ ಗಡಿಯಾರ ಬರೆದಿದ್ದರು. ನೇರ ಎದುರಿನ ಕಡಲು ಹನ್ನೆರಡು, ಎಡಗಡೆಯ ಕರಿಬಂಡೆಗಳು ಹತ್ತು, ಬಲಗಡೆಯ ದೀಪಸ್ತಂಭ ಎರಡು. ಏನಾದರೂ ಕಂಡರೆ ಫೋನಿನಲ್ಲಿ ಅಂಕಿ ಹೇಳಬೇಕು. ಗಸ್ತು ವಿಮಾನ ಆ ದಿಕ್ಕಿಗೆ ಹಾರುತ್ತದೆ. ಹೇಳಿದ ಕೂಡಲೇ ಕಾವಲಿನವರು ಕೆಳಗಿಳಿದು ಐಸ್ ಕೋಣೆ ಸೇರಬೇಕು, ಅದು ನಿಯಮ.

ಆ ದಿನ ಅವನು ಗೋಪುರದಿಂದ ನೇರವಾಗಿ ತಾರಸಿಗೆ ಬಂದಿದ್ದ. ಜೊತೆಗಿದ್ದವರು ನಿವೃತ್ತ ಟೀಚರಮ್ಮ, ಹೇಳಿದ್ದನ್ನು ಪುಸ್ತಕದಲ್ಲಿ ಬರೆಯುವುದು ಅವರ ಪಾಲಿನ ಕೆಲಸ. ಒಂಬತ್ತೂವರೆಯ ಹೊತ್ತಿಗೆ ನೀರನ್ನು ಸೀಳಿಕೊಂಡು ಕಡ್ಡಿಯಂಥದ್ದೊಂದು ಓಡಿದ್ದು ಅವನಿಗೆ ಕಂಡಿತು. ಹಿಂದೆ ಬೆಳ್ಳಗೆ ನೊರೆಯ ಗೆರೆ. ಅವನು ಹಾರಿ ಫೋನ್ ಎತ್ತಿಕೊಂಡ.

“ಎರಡು! ಎರಡರ ಕಡೆ ಸಬ್‌ಮರೀನ್!”

ಪುಸ್ತಕದಿಂದ ತಲೆಯೆತ್ತದೆ ಟೀಚರಮ್ಮ ‘ಎರಡು’ ಎಂದು ಬರೆದರು. ಇಬ್ಬರೂ ಐಸ್ ಕೋಣೆಗೆ ಓಡಿದರು. ಕಾಲು ಗಂಟೆಯಾದ ಮೇಲೆ ತಲೆಯ ಮೇಲೆ ವಿಮಾನದ ಮೊರೆತ, ಆಮೇಲೆ ನಾಲ್ಕು ಸಲ ನೆಲ ಅದುರಿತು. ಹಲ್ಲು ಕಟಕಟಿಸುತ್ತ ಮೇಲೆ ಬಂದು ನೋಡಿದರೆ ದೀಪಸ್ತಂಭದಾಚೆಯ ನೀರು ನವಿಲುಬಣ್ಣಕ್ಕೆ ತಿರುಗಿತ್ತು. ಎಣ್ಣೆ. ಕೆಳಗೆ ಬೀದಿಯಲ್ಲಿ ಜನ ಕೂಗುತ್ತಿದ್ದರು, ಇಳಿದು ಬರುತ್ತಿದ್ದಂತೆ ಯಾರೋ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಅಷ್ಟೆತ್ತರದಿಂದ ಮತ್ತೊಮ್ಮೆ ಆ ಕಡೆ ಕಣ್ಣು ಹಾಯಿಸಿದ. ಎಲ್ಲೋ ಏನೋ ತಾಳೆಯಾಗುತ್ತಿರಲಿಲ್ಲ. ಏನೆಂದು ಹೊಳೆಯಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಬಾಮೈದನೂ ಇದ್ದ, ಸರಕಿನ ಹಡಗೊಂದರ ಅಡುಗೆಯವ. ಸಬ್‌ಮರೀನ್ ಭಯಕ್ಕೆ ಐದು ದಿನದಿಂದ ಬಂದರಿನಲ್ಲೇ ಸಿಕ್ಕಿಕೊಂಡಿದ್ದ ಹಡಗು ಇನ್ನು ಹೊರಡಬಹುದಿತ್ತು.

“ಮೂರು ಗಂಟೆಗೆ ಲಂಗರು ಎತ್ತಾರಂತೆ ಭಾವ. ಕರಿಬಂಡೆ ಬಳಸಿಕೊಂಡು ಹೋಗೋದು. ನಿಮ್ಮ ಪುಣ್ಯ, ದಾರಿ ಖಾಲಿ.”

“ಇವರಿಗೆ ಕನ್ನಡಕ ಎಲ್ಲಿಟ್ಟೆ ಅಂತ ಕಾಣಲ್ಲ, ಸಬ್‌ಮರೀನ್ ಕಾಣುತ್ತೆ,” ಎಂದಳು ಹೆಂಡತಿ. ಬಡಿಸುತ್ತಿದ್ದವಳು ಅವನ ತೋಳು ನೋಡಿ ನಿಂತಳು. “ಅಯ್ಯೋ, ಒಗೆದ ಅಂಗಿ ರೀ! ಇದೇನು ಮಸಿ? ಎಲ್ಲಿ ಒರಗಿದ್ರಿ?”

“ಚಿಮಣಿಗೆ. ಅದರ ಪಕ್ಕದಿಂದ ಬಗ್ಗಿ ನೋಡಿದ್ನಲ್ಲ...”

ತುತ್ತು ಬಾಯಿಗೆ ಹೋಗಲಿಲ್ಲ. ಐಸ್ ಫ್ಯಾಕ್ಟರಿಯ ಚಿಮಣಿ ಇರುವುದು ತಾರಸಿಯ ಎಡಗಡೆ. ಅದಕ್ಕೊರಗಿ ನೋಡಿದ್ದಾದರೆ ಕಂಡದ್ದು ಕರಿಬಂಡೆಯ ಕಡೆ, ಹತ್ತರ ದಿಕ್ಕಿನಲ್ಲಿ. ಬಾಯಲ್ಲಿ ಬಂದದ್ದು ಎರಡು. ಹಾಗಿದ್ದರೆ ವಿಮಾನ ಹೊಡೆದದ್ದು ಏನನ್ನು? ಅವನು ನೋಡಿದ್ದು ಈಗ ಎಲ್ಲಿದೆ?

“ಏನಾಯ್ತು ಭಾವ?”

“ನೀನು ಹಡಗು ಹತ್ತಬೇಡ.”

“ಹತ್ತದಿದ್ರೆ ಸಾರು ಮಾಡೋದು ಕ್ಯಾಪ್ಟನ್ನಾ?”

ಕೈ ತೊಳೆಯದೆ ಅವನು ಬಂದರಿನ ಅಧಿಕಾರಿಯ ಕಚೇರಿಗೆ ಓಡಿದ. ಅಧಿಕಾರಿ ಎದ್ದು ಬಂದು ಕೈ ಕುಲುಕಲು ಹೋಗಿ, ಅನ್ನ ಮೆತ್ತಿದ ಕೈ ನೋಡಿ ಹಿಂದೆಗೆದ. ಅವನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ.

“ಎಣ್ಣೆ ಬಂದಿದೆ ಕಣ್ರೀ, ಎಣ್ಣೆ! ಎಣ್ಣೆ ಸುಮ್ಮನೆ ಬರುತ್ತಾ?”

“ಬಂದಿದೆ ಸಾರ್. ಆದ್ರೆ ನಾನು ಅಲ್ಲಿ ಏನೂ ನೋಡ್ಲಿಲ್ಲ.”

“ನೀವೇ ಹೇಳಿದ್ದು.”

“ಹೇಳಿದ್ದು ನಾನೇ. ನೋಡಿದ್ದು ಬೇರೆ ಕಡೆ.”

“ಅದೇ ಈಜ್ಕೊಂಡು ದೀಪಸ್ತಂಭದ ಕಡೆ ಬಂದಿರಬೇಕು.”

“ಕರಿಬಂಡೆಯಿಂದ ಅಲ್ಲಿಗೆ ಎಂಟು ಮೈಲಿ. ಕಾಲು ಗಂಟೇಲಿ, ನೀರಿನಡಿ? ಆಗುತ್ತಾ ಸಾರ್?”

ಅಧಿಕಾರಿಗೂ ಗೊತ್ತಿರಲಿಲ್ಲ. ಆತ ಪೆನ್ಸಿಲ್ ಮುಂದೆ ತಳ್ಳಿದ. “ಆ ಅರ್ಧ ಗಡಿಯಾರ ಬರೀರಿ. ಎಲ್ಲಿ ಕಂಡಿತೋ ಗುರುತು ಹಾಕಿ.”

ಅವನು ಅರ್ಧವೃತ್ತ ಎಳೆದ, ಸರಸರನೆ ಅಂಕಿ ಬರೆದ, ಎಡಕ್ಕೆ ಗುರುತು ಹಾಕಿದ. ಅಧಿಕಾರಿ ಹಾಳೆ ನೋಡಿದ, ಗೋಡೆ ಗಡಿಯಾರ ನೋಡಿದ, ಮತ್ತೆ ಹಾಳೆ ನೋಡಿದ. ಗುರುತಿನ ಪಕ್ಕದಲ್ಲೇ, ಎಡಗಡೆ, ದುಂಡಗಿನ ಅಂಕಿಯಲ್ಲಿ ‘ಎರಡು’ ಎಂದಿತ್ತು.

“ನೀವು ಮನುಷ್ಯರೋ ಕನ್ನಡಿಯೋ?” ಎಂದ ಅಧಿಕಾರಿ, ಫೋನ್ ಎತ್ತಿಕೊಂಡು ಹಡಗನ್ನು ತಡೆದ.

ನಾಲ್ಕೂವರೆಗೆ ವಿಮಾನ ಮತ್ತೆ ಬಂತು. ಕರಿಬಂಡೆಗಳ ಮೇಲೆ ಆರು ಸುತ್ತು ಹಾಕಿ ಎರಡು ಬಾಂಬು ಹಾಕಿತು. ನೀರು ಮನೆಯೆತ್ತರ ಎದ್ದು ಬಿತ್ತು, ಸತ್ತ ಮೀನು ತೇಲಿದವು. ಎಣ್ಣೆಯ ಒಂದು ಹನಿಯೂ ಇಲ್ಲ. ಪೈಲಟ್ ಏನು ಕಂಡು ಬಾಂಬು ಹಾಕಿದ ಎಂದು ಅವನು ಕೇಳಿದ. ಅದು ಗುಟ್ಟು ಎಂದರು ನೌಕಾಪಡೆಯವರು. ದೀಪಸ್ತಂಭದ ಹತ್ತಿರ ಹೋದ ವರ್ಷ ಮುಳುಗಿದ್ದ ಟ್ಯಾಂಕರೊಂದರ ಎಣ್ಣೆಯೇ ಬೆಳಿಗ್ಗೆ ಎದ್ದಿರಬಹುದು ಎಂದು ದೋಣಿಯವರು ಆಡಿಕೊಂಡರು. ಅಲ್ಲ ಎನ್ನುವವರೂ ಅಷ್ಟೇ ಜನರಿದ್ದರು.

ಮರುದಿನ ಬೆಳಿಗ್ಗೆ ಹಡಗು ಹೊರಟಿತು. ಹತ್ತುವ ಮೊದಲು ಬಾಮೈದ ಅವನನ್ನು ಪಕ್ಕಕ್ಕೆ ಕರೆದ. ಇವತ್ತು ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

“ನಿಜ ಹೇಳಿ ಭಾವ. ಹೋಗ್ಲಾ, ಬೇಡ್ವಾ?”

“ಗೊತ್ತಿಲ್ಲ ಕಣೋ.”

“ನಿನ್ನೆ ಅಷ್ಟು ಜೋರಾಗಿ ಬೇಡ ಅಂದ್ರಿ.”

“ನಿನ್ನೆ ಒಂದೇ ಅನುಮಾನ ಇತ್ತು. ಇವತ್ತು ಎರಡಿದೆ.”

ಬಾಮೈದ ಹೋದ. ಹನ್ನೊಂದನೆಯ ದಿನ ಅವನ ಕಾಗದ ಬಂತು: ಕ್ಷೇಮವಾಗಿ ತಲುಪಿದ್ದೇನೆ, ದಾರಿಯಲ್ಲಿ ಏನೂ ಕಾಣಲಿಲ್ಲ. ಹೆಂಡತಿ ಕಾಗದವನ್ನು ಕಣ್ಣಿಗೊತ್ತಿಕೊಂಡು ಒಲೆಯ ಹತ್ತಿರ ಕೂತು ಅತ್ತಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದ.

“ಏನೂ ಕಾಣಲಿಲ್ಲ ಅಂದ್ರೆ, ಆ ಸಬ್‌ಮರೀನ್ ಬಾಂಬಿಗೆ ಮುಳುಗಿತ್ತಾ? ಇರಲೇ ಇಲ್ವಾ?”

“ತಮ್ಮ ಬದುಕಿದಾನಲ್ರೀ. ಇನ್ನೇನು ಬೇಕು ನಿಮಗೆ?”

“ಅದು ಸರಿ,” ಎಂದು ಅವನು ನಾಲ್ಕನೆಯ ಸಲ ಓದತೊಡಗಿದ.