ಬೆಡ್‌ಶೀಟ್ ಹಿಡಿದವರು

“ಸರ, ಚೀಲಾ ಅಳಿಸಿ ನಮ್ಮ ಮನಿಯವರನ್ನ ಇಡ್ರಿ,” ಎಂದರು ಶಾಂತವ್ವ, ಗೋವಾದ ವಾಸ್ಕೋದಲ್ಲಿರುವ ನನ್ನ ಫೋಟೋ ಅಂಗಡಿಗೆ ಬಂದು. ಮಂಗೋರ್ ಹಿಲ್‌ನಲ್ಲಿ ಅವರು ಹೊಲಿಯುವ ಕಸೂತಿ ಚೀಲಗಳ ಫೋಟೋ ತೆಗೆದು, ತಿದ್ದಿ, ಆನ್‌ಲೈನ್ ಮಾರಾಟಕ್ಕೆ ಹಾಕುವವನು ನಾನು. ಅವರ ಗಂಡ ತೀರಿಕೊಂಡು ತಿಂಗಳಾಗಿತ್ತು. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು.

“ಆಧಾರ್ ಕಾರ್ಡಿನಾಗ ಕಳ್ಳರಂಗ ಕಾಣ್ತಾರ್ರಿ. ನಿಮ್ಮ ಫೋಟೋದಾಗ ನಗಾಕತ್ತಾರ.”

ಚೀಲಗಳ ಫೋಟೋದಲ್ಲಿ ಯಾರೂ ಇರಲಿಲ್ಲ ಎಂದೆ. ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವುದಿಲ್ಲ, ಅಂದು ನಂಬಿದ್ದೆ.

“ಹಿಂದಿನ ಬೆಡ್‌ಶೀಟ್ ತಾನಾ ನಿಂತಿತ್ತೇನ್ರಿ?”

ಮೂಲ ಫೋಟೋ ತೆರೆದೆ. ಚೀಲದ ಹಿಂದೆ ಬಿಳಿ ಬೆಡ್‌ಶೀಟ್ ಇತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದವರ ತಲೆ ಅದರ ಮೇಲೆ ಕಾಣುತ್ತಿತ್ತು, ಬಾಯಿ ತುಂಬ ನಗು. ಮಾರಾಟದ ಪ್ರತಿಯಲ್ಲಿ ಆ ತಲೆಯನ್ನು ಕತ್ತರಿಸಿದವನು ನಾನೇ.

ಚೀಲ ಅಳಿಸಿದೆ. ಕುತ್ತಿಗೆಯ ಕೆಳಗೆ ಬರೀ ಬೆಡ್‌ಶೀಟ್ ಕಾಣುತ್ತದಲ್ಲ ಎಂದು ಕೇಳಿದೆ.

“ಇರಲಿ ಬಿಡ್ರಿ, ತೊಳದದ್ದ ಐತಿ.”

ಫೋಟೋ ತೆಗೆದ ದಿನ ಅವರ ಗಂಡ ನಕ್ಕದ್ದು ನಾನು ಹೇಳಿದ ಯಾವುದೋ ಮಾತಿಗಂತೆ. ಏನು ಹೇಳಿದ್ದೆನೋ ಶಾಂತವ್ವನಿಗೆ ಕೇಳಿಸಿರಲಿಲ್ಲ, ನನಗೆ ನೆನಪಿಲ್ಲ. ಅದು ಗೊತ್ತಿದ್ದ ಒಬ್ಬರು ಈಗ ಗೋಡೆಯ ಮೇಲೆ ನಗುತ್ತಿದ್ದಾರೆ.